ಡಿಸೆಂಬರ್ 25ಕ್ಕೆ ಮೊದಲೇ ಮುಗಿದುಹೋಗುವ ಕ್ರಿಸ್‌ಮಸ್: ಮನೆಯಲ್ಲಿ ಹಬ್ಬವನ್ನು ಯೇಸುವಿನ ಸುತ್ತ ಕಟ್ಟಿಕೊಳ್ಳುವುದು ಹೇಗೆ?

ನವೆಂಬರ್ ಕೊನೆಯ ಹೊತ್ತಿಗೆ ಒಂದೇ ಪ್ರಶ್ನೆ ಹಲವರ ಬಾಯಿಂದ ಬರುತ್ತದೆ. “ನಕ್ಷತ್ರ ಕಟ್ಟಿದ್ದೇವೆ, ಕೇಕಿಗೆ ದ್ರಾಕ್ಷಿ ನೆನೆಹಾಕಿದ್ದೇವೆ, ಮಕ್ಕಳಿಗೆ ಬಟ್ಟೆ ತಂದಾಯಿತು. ಆದರೆ ಈ ಗದ್ದಲದಲ್ಲಿ ಯೇಸುಸ್ವಾಮಿಗೆ ಜಾಗವೇ ಇಲ್ಲವಲ್ಲ, ಏನು ಮಾಡುವುದು?” ಚರ್ಚಿನಲ್ಲಿ ಮಕ್ಕಳಿಗೆ ಭಾನುವಾರದ ಧರ್ಮೋಪದೇಶ ತರಗತಿ ನಡೆಸುವ ನನಗೆ ಈ ಪ್ರಶ್ನೆ ಬಾಯಿಪಾಠವಾಗಿದೆ. ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಹೇಳುವ ಬದಲು ಒಂದೇ ಸಲ ಬರೆದುಬಿಡುತ್ತಿದ್ದೇನೆ.

ಮೊದಲೇ ಒಂದು ಮಾತು. ತಪ್ಪು ಕೇಕಿನದಲ್ಲ, ನಕ್ಷತ್ರದ್ದೂ ಅಲ್ಲ. ನಾವು ಹಬ್ಬವನ್ನು ಡಿಸೆಂಬರ್ ಒಂದರಿಂದಲೇ ತಿನ್ನಲು ಶುರುಮಾಡಿ, 25ರ ಮಧ್ಯಾಹ್ನದ ಊಟಕ್ಕೆ ಎಲೆ ಎತ್ತಿಬಿಡುತ್ತೇವೆ. ಚರ್ಚಿನ ಲೆಕ್ಕ ಇದಕ್ಕೆ ತದ್ವಿರುದ್ಧ: ಮೊದಲ ನಾಲ್ಕು ವಾರ ಕಾಯುವುದು, ಹಬ್ಬ ಶುರುವಾಗುವುದೇ 24ರ ಸಂಜೆಯಿಂದ. ಆ ಲೆಕ್ಕಕ್ಕೆ ಮನೆಯನ್ನು ಹೊಂದಿಸಿಕೊಂಡರೆ ಅರ್ಧ ಕೆಲಸ ಮುಗಿಯಿತು. ಹಾಗಾಗಿ ಈಗಾಗಲೇ ತುಂಬಿದ ಡಿಸೆಂಬರಿಗೆ ಇನ್ನೂ ಹತ್ತು ಪ್ರಾರ್ಥನೆಗಳನ್ನು ತುರುಕಿ ಎಂದು ನಾನು ಹೇಳುವುದಿಲ್ಲ.

ಕಥೋಲಿಕರಿಗೂ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಮತ್ತು ಇತರ ಪ್ರೊಟೆಸ್ಟಂಟ್ ಸಭೆಯವರಿಗೂ ಹೊಂದುವಂತೆ ಬರೆದಿದ್ದೇನೆ. ವ್ಯತ್ಯಾಸ ಇರುವಲ್ಲಿ ಹೇಳುತ್ತೇನೆ.

ಬೇಕಾಗುವುದು ಇಷ್ಟೇ: ಒಂದು ಕನ್ನಡ ಬೈಬಲ್, ನಾಲ್ಕು ಮೇಣದಬತ್ತಿ, ಒಂದು ಹಿತ್ತಾಳೆ ಅಥವಾ ಸ್ಟೀಲ್ ತಟ್ಟೆ, ಒಂದು ಹಿಡಿ ರಾಗಿ, ಗೋದಲಿಯ (ಯೇಸು ಹುಟ್ಟಿದ ಕೊಟ್ಟಿಗೆಯ ದೃಶ್ಯದ) ಬೊಂಬೆಗಳು ಮತ್ತು ದಿನಕ್ಕೆ ಹತ್ತು ನಿಮಿಷ.

1. ಮೊದಲು ಕ್ಯಾಲೆಂಡರಿನಲ್ಲಿ ಗುರುತು ಹಾಕಿ

ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಅವಧಿಗೆ ‘ಆಗಮನ ಕಾಲ’ ಎಂದು ಹೆಸರು. ಪ್ರಭುವಿನ ಬರವಿಗಾಗಿ ಕಾಯುವ ದಿನಗಳು ಎಂದು ಅರ್ಥ. ಡಿಸೆಂಬರ್ 25ರಿಂದ ಹಿಂದಕ್ಕೆ ನಾಲ್ಕು ಭಾನುವಾರ ಎಣಿಸಿದರೆ ಅದರ ಮೊದಲ ದಿನ ಸಿಗುತ್ತದೆ. ಅದು ಯಾವಾಗಲೂ ನವೆಂಬರ್ 27 ಮತ್ತು ಡಿಸೆಂಬರ್ 3ರ ನಡುವೆ ಬೀಳುತ್ತದೆ. 2026ರಲ್ಲಿ ಅದು ನವೆಂಬರ್ 29.

ಇಲ್ಲಿ ಹಲವರು ಎಡವುತ್ತಾರೆ. ನಾಲ್ಕು ಭಾನುವಾರ ಎಂದರೆ ಪೂರ್ತಿ ನಾಲ್ಕು ವಾರ ಎಂದಲ್ಲ. 2023ರಂತೆ ಕ್ರಿಸ್‌ಮಸ್ ಸೋಮವಾರ ಬಂದರೆ ನಾಲ್ಕನೆಯ ಭಾನುವಾರವೂ ಹಬ್ಬದ ಹಿಂದಿನ ರಾತ್ರಿಯೂ ಒಂದೇ ದಿನ. ಅಂಥ ವರ್ಷ ಕೊನೆಯ ವಾರಕ್ಕೆಂದು ಎತ್ತಿಟ್ಟ ಕೆಲಸ ಯಾವುದೂ ಆಗುವುದಿಲ್ಲ.

ಹಬ್ಬದ ಇನ್ನೊಂದು ತುದಿಯನ್ನೂ ಈಗಲೇ ಗುರುತಿಸಿ: ಜನವರಿ 6, ಮೂಡಣ ದಿಕ್ಕಿನ ಜ್ಞಾನಿಗಳು ಮಗುವನ್ನು ಕಂಡ ಹಬ್ಬ. ಇದಕ್ಕೆ ಎಪಿಫನಿ, ಅಂದರೆ ‘ಪ್ರಕಟವಾಗುವುದು’ ಎಂಬ ಗ್ರೀಕ್ ಹೆಸರಿದೆ. ನಮ್ಮ ದೇಶದ ಕಥೋಲಿಕ ಚರ್ಚುಗಳಲ್ಲಿ ಇದನ್ನು ಹತ್ತಿರದ ಭಾನುವಾರಕ್ಕೆ ಆಚರಿಸುತ್ತಾರೆ. ಕಥೋಲಿಕರ ಕ್ರಿಸ್‌ಮಸ್ ಕಾಲ ಅಲ್ಲಿಗೂ ನಿಲ್ಲದೆ, ಯೇಸುವಿನ ಸ್ನಾನದೀಕ್ಷೆಯ (ಬ್ಯಾಪ್ಟಿಸಮ್) ಹಬ್ಬದವರೆಗೆ ಹೋಗುತ್ತದೆ.

2. ಹಣದ ಲೆಕ್ಕ, ಅಂಗಡಿಗೆ ಹೋಗುವ ಮೊದಲು

ಇದನ್ನು ಎರಡನೆಯ ಹಂತವಾಗಿ ಇಟ್ಟಿರುವುದು ಬೇಕೆಂದೇ. ಹಬ್ಬದ ಖರ್ಚೆಲ್ಲ ಮುಗಿದ ಮೇಲೆ ಉಳಿದದ್ದರಲ್ಲಿ ದಾನ ಮಾಡೋಣ ಎಂದುಕೊಂಡ ಮನೆಯಲ್ಲಿ ಏನೂ ಉಳಿಯುವುದಿಲ್ಲ. ಆಗಮನ ಕಾಲದ ಮೊದಲ ಭಾನುವಾರವೇ ಮನೆಯವರೆಲ್ಲ ಕುಳಿತು ಈ ಸಲ ಒಟ್ಟು ಇಷ್ಟು ಎಂದು ನಿಗದಿ ಮಾಡಿ. ಅದರಲ್ಲಿ ಒಂದು ಪಾಲನ್ನು ಅಂದೇ ಲಕೋಟೆಯಲ್ಲಿ ಹಾಕಿ ಬೇರೆ ಇಡಿ. ಎಷ್ಟು ಎಂಬುದು ನಿಮಗೆ ಬಿಟ್ಟದ್ದು. ಮಕ್ಕಳ ಕೈಯಿಂದಲೇ ಹಾಕಿಸಿ, ಯಾರಿಗೆ ಹೋಗಬೇಕೆಂದು ಅವರನ್ನೇ ಕೇಳಿ. ಶಾಲೆಯ ಆಯಾ, ಅಪಾರ್ಟ್‌ಮೆಂಟಿನ ಕಾವಲುಗಾರ, ಹಾಸಿಗೆ ಹಿಡಿದ ನೆರೆಯ ಅಜ್ಜಿ: ಮಕ್ಕಳು ಹೇಳುವ ಹೆಸರುಗಳು ದೊಡ್ಡವರ ಪಟ್ಟಿಯಲ್ಲಿ ಇರುವುದಿಲ್ಲ.

ಎಚ್ಚರಿಕೆ ಒಂದೇ. ಕೊಡುವಾಗ ಫೋಟೋ ಬೇಡ. ಅಕ್ಕಿಯ ಚೀಲ ಹಿಡಿದು ಕ್ಯಾಮೆರಾ ಮುಂದೆ ನಿಲ್ಲಬೇಕಾದವರ ಮುಖವನ್ನು ಒಮ್ಮೆ ಗಮನಿಸಿ ನೋಡಿ, ಕಾರಣ ಗೊತ್ತಾಗುತ್ತದೆ.

3. ನಾಲ್ಕು ದೀಪ

ದುಂಡಗೆ ಹಸಿರು ಸೊಪ್ಪು ಸುತ್ತಿ ನಾಲ್ಕು ಬತ್ತಿ ನಿಲ್ಲಿಸಿ, ವಾರಕ್ಕೊಂದರಂತೆ ಹೆಚ್ಚಿಸುತ್ತ ಹಚ್ಚುವ ಪದ್ಧತಿ ಅಷ್ಟೇನೂ ಹಳೆಯದಲ್ಲ. 1839ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ಬಡ ಮಕ್ಕಳ ಆಶ್ರಮ ನಡೆಸುತ್ತಿದ್ದ ಪಾದ್ರಿ ಯೋಹಾನ್ ಹಿನ್ರಿಚ್ ವಿಚರ್ನ್ ಒಂದು ಗಾಡಿಚಕ್ರದ ಮೇಲೆ ಬತ್ತಿಗಳನ್ನು ನಿಲ್ಲಿಸಿದರು. “ಕ್ರಿಸ್‌ಮಸ್ ಯಾವಾಗ, ಯಾವಾಗ?” ಎಂದು ಪೀಡಿಸುತ್ತಿದ್ದ ಮಕ್ಕಳಿಗೆ ದಿನ ಎಣಿಸಲು ಒಂದು ದಾರಿ ಬೇಕಿತ್ತು. ಪ್ರೊಟೆಸ್ಟಂಟರಿಂದ ಶುರುವಾದ ಇದನ್ನು ಈಗ ಕಥೋಲಿಕ ಚರ್ಚುಗಳಲ್ಲೂ ಕಾಣಬಹುದು.

ಇದಕ್ಕಾಗಿ ಆನ್‌ಲೈನಿನಲ್ಲಿ ಪ್ಲಾಸ್ಟಿಕ್ ಚಕ್ರ ತರಿಸಬೇಡಿ. ತಟ್ಟೆಯ ಅಂಚಿಗೆ ಸರ್ವೆ ಮರದ ಟೊಂಗೆ (ಕರಾವಳಿಯವರು ಗಾಳಿಮರ ಎನ್ನುತ್ತಾರೆ) ಅಥವಾ ಮಾವಿನೆಲೆ ಜೋಡಿಸಿ. ವಾಡಿಕೆಯ ಬಣ್ಣ ಮೂರು ನೇರಳೆ, ಒಂದು ಗುಲಾಬಿ. ನೇರಳೆ ಪಶ್ಚಾತ್ತಾಪ ಮತ್ತು ನಿರೀಕ್ಷೆಯ ಗುರುತು. ಮೂರನೆಯ ಭಾನುವಾರ ಹಚ್ಚುವ ಗುಲಾಬಿ ‘ಇನ್ನು ಹತ್ತಿರ ಬಂತು, ಸಂತೋಷಪಡಿ’ ಎನ್ನುವುದಕ್ಕೆ. ಬಣ್ಣದ ಬತ್ತಿ ಸಿಗದಿದ್ದರೆ ಕಿರಾಣಿ ಅಂಗಡಿಯ ಬಿಳಿ ಬತ್ತಿಗೆ ರಿಬ್ಬನ್ ಕಟ್ಟಿದರಾಯಿತು.

ಸರ್ವೆ ಸೊಪ್ಪು ಒಣಗಿದರೆ ಕಡ್ಡಿ ಗೀರುವಷ್ಟರಲ್ಲಿ ಹೊತ್ತಿಕೊಳ್ಳುತ್ತದೆ. ಪ್ರತಿ ವಾರ ಬದಲಿಸಿ, ಪ್ರಾರ್ಥನೆ ಮುಗಿದ ಕೂಡಲೇ ಬತ್ತಿ ಆರಿಸಿ.

4. ದಿನಕ್ಕೆ ಹತ್ತು ನಿಮಿಷದ ಓದು

ಎಲ್ಲಕ್ಕಿಂತ ಮುಖ್ಯವಾದ ಹಂತ ಇದು. ಉಳಿದದ್ದೆಲ್ಲ ಬಿಟ್ಟರೂ ಇದನ್ನು ಬಿಡಬೇಡಿ.

ಎರಡು ದಾರಿಗಳಿವೆ. ದೊಡ್ಡವರೇ ಇರುವ ಮನೆಯಾದರೆ ಲೂಕನ ಸುವಾರ್ತೆಯನ್ನು (ಕಥೋಲಿಕರು ಶುಭಸಂದೇಶ ಎನ್ನುತ್ತಾರೆ) ಡಿಸೆಂಬರ್ ಒಂದರಿಂದ ದಿನಕ್ಕೊಂದು ಅಧ್ಯಾಯದಂತೆ ಓದಿ. ಅದರಲ್ಲಿರುವುದು ಸರಿಯಾಗಿ 24 ಅಧ್ಯಾಯ. ಕೊನೆಯ ಅಧ್ಯಾಯ ಪುನರುತ್ಥಾನದ್ದು. ಕ್ರಿಸ್‌ಮಸ್ ಹಿಂದಿನ ದಿನ ಖಾಲಿ ಸಮಾಧಿಯ ಕಥೆ ಓದಿ ಚರ್ಚಿಗೆ ಹೊರಟರೆ, ಅಲ್ಲಿ ಕಾಣುವ ಮಗು ಬರಿಯ ಬೊಂಬೆಯಾಗಿ ಕಾಣುವುದಿಲ್ಲ.

ಚಿಕ್ಕ ಮಕ್ಕಳಿದ್ದರೆ ಒಂದು ಅಧ್ಯಾಯ ಹೆಚ್ಚಾಯಿತು. ವಾರಕ್ಕೊಂದೇ ಕಥೆ ಸಾಕು, ಅದನ್ನೇ ಏಳು ದಿನವೂ ಓದಿ. ಮೂರನೆಯ ದಿನಕ್ಕೆ ಅವರೇ ನಿಮ್ಮನ್ನು ತಿದ್ದುತ್ತಾರೆ.

ಮೊದಲ ವಾರ ಯೆಶಾಯ 9, ಕತ್ತಲಲ್ಲಿ ನಡೆಯುತ್ತಿದ್ದ ಜನ ಬೆಳಕು ಕಂಡ ಭಾಗ. ಕೆಲವು ಬೈಬಲ್‌ಗಳಲ್ಲಿ ಇಲ್ಲಿ ವಚನದ ಸಂಖ್ಯೆ ಒಂದು ಹಿಂದೆ ಮುಂದೆ ಇರುತ್ತದೆ, ಗಾಬರಿ ಬೇಡ. ಎರಡನೆಯ ವಾರ ಲೂಕ 1:5-25. ನಂಬದೆ ಹೋಗಿ ಮಾತು ಕಳೆದುಕೊಂಡ ಮುದುಕ ಜಕರೀಯನ ಕಥೆ. ಮಕ್ಕಳಿಗೆ ಇದು ಬಹಳ ಇಷ್ಟ. ಒಂದು ಸಂಜೆ ಎಲ್ಲರೂ ಹತ್ತು ನಿಮಿಷ ಬರೀ ಕೈಸನ್ನೆಯಲ್ಲಿ ಮಾತನಾಡಿ ನೋಡಿ. ಮೂರನೆಯ ವಾರ ಲೂಕ 1:26-56, ದೂತನ ಮಾತಿಗೆ ಮರಿಯಳ ಒಪ್ಪಿಗೆ ಮತ್ತು ಆಕೆಯ ಹಾಡು. ಬಲಿಷ್ಠರನ್ನು ಗದ್ದುಗೆಯಿಂದ ಇಳಿಸಿ ಹಸಿದವರನ್ನು ತೃಪ್ತಿಪಡಿಸುವ ದೇವರನ್ನು ಕೊಂಡಾಡುವ ಈ ಹಾಡನ್ನು ಜೋಗುಳದ ಹಾಗೆ ಓದಬೇಡಿ. ನಾಲ್ಕನೆಯ ವಾರ ಮತ್ತಾಯ 1:18-25, ಒಂದು ಮಾತೂ ಆಡದೆ ಎಲ್ಲವನ್ನೂ ಮಾಡಿದ ಯೋಸೇಫ.

ಅನುವಾದ ಯಾವುದಿರಬೇಕು? ಹಳೆಯ ಸತ್ಯವೇದದ ಕನ್ನಡಕ್ಕೆ ಒಂದು ಗತ್ತಿದೆ. ಆದರೆ ‘ಖಾನೇಷುಮಾರಿ’ ಎಂಬಲ್ಲಿ ಮಗು ನಿಮ್ಮ ಮುಖ ನೋಡುತ್ತದೆ (ಜನಗಣತಿ ಎಂದು ಹೇಳಿ). ಚಿಕ್ಕವರಿಗೆ ಹೊಸ ಅನುವಾದ, ಅಜ್ಜ-ಅಜ್ಜಿಯರಿಗೆ ಹಳೆಯದು ಎಂದು ನಾನು ಎರಡನ್ನೂ ಇಟ್ಟುಕೊಂಡಿದ್ದೇನೆ.

ಸಾಮಾನ್ಯ ತಪ್ಪೆಂದರೆ ಮೊದಲ ದಿನವೇ ಓದು, ಮೂರು ಹಾಡು, ಜಪಮಾಲೆ, ಉದ್ದದ ಪ್ರಾರ್ಥನೆ ಎಲ್ಲ ಸೇರಿಸಿ ಮುಕ್ಕಾಲು ಗಂಟೆ ಮಾಡುವುದು. ಐದನೆಯ ದಿನ ನಿಂತುಹೋಗುತ್ತದೆ. ನಡುವೆ ಎರಡು ದಿನ ತಪ್ಪಿದರೆ ಬಡ್ಡಿ ಸಮೇತ ತೀರಿಸಲು ಹೋಗಬೇಡಿ, ಅಂದಿನದನ್ನು ಓದಿ ಮುಂದೆ ಹೋಗಿ.

5. ರಾಗಿ ಬಿತ್ತಿ, ಗೋದಲಿ ಕಟ್ಟಿ

ಗೋದಲಿ ಎಂದರೆ ದನಗಳಿಗೆ ಮೇವು ಹಾಕುವ ತೊಟ್ಟಿ. ಮರಿಯಳು ಮಗುವನ್ನು ಮಲಗಿಸಿದ್ದು ಅದರಲ್ಲಿ. ಈಗ ಇಡೀ ಕೊಟ್ಟಿಗೆಯ ದೃಶ್ಯಕ್ಕೇ ಆ ಹೆಸರು ಬಂದಿದೆ, ಬೆಂಗಳೂರಿನವರಿಗೆ ಅದು ‘ಕ್ರಿಬ್’. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸ್ ಹುಲ್ಲು ತುಂಬಿದ ತೊಟ್ಟಿ ಇಟ್ಟು, ನಿಜವಾದ ಎತ್ತು, ಕತ್ತೆಗಳನ್ನು ತಂದು ನಿಲ್ಲಿಸಿ ಬಲಿಪೂಜೆ (ಚರ್ಚಿನ ಮಾಸ್) ನಡೆಸುವಂತೆ ಮಾಡಿದರು. ಕ್ರಿಸ್ತ ಹುಟ್ಟಿದ ಬಡತನವನ್ನು ಕಣ್ಣಾರೆ ಕಾಣಬೇಕೆಂಬುದು ಅವರ ಆಸೆ. ಇದನ್ನು ನೆನಪಿಟ್ಟುಕೊಂಡರೆ ಗೋದಲಿ ಸ್ಪರ್ಧೆಗೆ ಕಾರಂಜಿ, ಲಿಫ್ಟು, ರೈಲು ಎಲ್ಲ ಬೇಕೇ ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ.

ಗೋದಲಿಯ ಹುಲ್ಲಿಗೆ ರಾಗಿ ಪೈರು ಬೆಳೆಸುವುದು ನಮ್ಮ ಅನೇಕ ಮನೆಗಳಲ್ಲಿ ರೂಢಿ. ಕಾಯುವುದನ್ನು ಮಕ್ಕಳಿಗೆ ಕಲಿಸಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ಡಿಸೆಂಬರ್ 12ರ ಆಸುಪಾಸಿನಲ್ಲಿ ರಾಗಿಯನ್ನು ಒಂದು ರಾತ್ರಿ ನೆನೆಸಿ. ಹಳೆಯ ತಟ್ಟೆಯಲ್ಲಿ ಒಂದು ಬೆರಳು ದಪ್ಪ ಮಣ್ಣು ಹರಡಿ, ಒತ್ತಾಗಿ ಚೆಲ್ಲಿ, ಒದ್ದೆ ಬಟ್ಟೆ ಮುಚ್ಚಿ. ಮೊಳಕೆ ಕಂಡ ಮೇಲೆ ಬಟ್ಟೆ ತೆಗೆದು ಬೆಳಕಿರುವ ಕಿಟಕಿಯ ಬಳಿ ಇಡಿ. ನೀರು ಚಿಮುಕಿಸಬೇಕು, ಸುರಿಯಬಾರದು. ಸುರಿದರೆ ಬೂಸ್ಟು ಹಿಡಿದು ನಾಲ್ಕನೆಯ ದಿನಕ್ಕೆ ವಾಸನೆ ಬರುತ್ತದೆ. ಈ ಕೆಲಸವನ್ನು ಮನೆಯ ಕಿರಿಯರಿಗೆ ಒಪ್ಪಿಸಿ, ನೀವು ಕೈ ಹಾಕಬೇಡಿ. ಒಣಗಿಸಿದರೆ ಆ ವರ್ಷ ಬೋಳು ಗೋದಲಿ, ಬೆತ್ಲೆಹೇಮ್ ಕೂಡ ಅಷ್ಟೇನೂ ಹಸಿರಾದ ಊರಲ್ಲ.

ಬೊಂಬೆಗಳನ್ನು ಒಂದೇ ದಿನ ಇಟ್ಟು ಮುಗಿಸಬೇಡಿ. ಮೊದಲು ಬರೀ ಕೊಟ್ಟಿಗೆ, ಆಮೇಲೆ ಎತ್ತು-ಕತ್ತೆ. ಲೂಕನ ಕಥೆಯಲ್ಲಿ ಇವು ಇಲ್ಲ, ಯೆಶಾಯ 1:3ರಿಂದ ಬಂದು ಸೇರಿಕೊಂಡವು ಎಂದು ಕುತೂಹಲವಿರುವ ಮಕ್ಕಳಿಗೆ ತೋರಿಸಿ. ಕೊನೆಯ ವಾರ ಮರಿಯ, ಯೋಸೇಫ. ತೊಟ್ಟಿ ಖಾಲಿ ಇರಲಿ. ಮೂವರು ಜ್ಞಾನಿಗಳನ್ನು ಮನೆಯ ಇನ್ನೊಂದು ತುದಿಯಲ್ಲಿ, ಫ್ರಿಜ್ಜಿನ ಮೇಲೋ ಪುಸ್ತಕದ ಕಪಾಟಿನಲ್ಲೋ ಇಡಿ. ಅವರ ಪ್ರಯಾಣ ಇನ್ನೂ ಬಾಕಿ ಇದೆ.

ಹತ್ತಿಯ ಹಿಮವನ್ನು ಸೀರಿಯಲ್ ಲೈಟಿನ ಮೇಲೆ ಹಾಸಬೇಡಿ, ಬೆಂಕಿಯ ಅಪಾಯ. ಮಂಗಳೂರಿನ ಸೆಕೆಯಲ್ಲಿ ಬೆವರು ಒರೆಸಿಕೊಳ್ಳುತ್ತ ಹಿಮ ಹಾಸುವುದನ್ನು ಕಂಡರೆ ನನಗೆ ಹೇಗೂ ನಗು ಬರುತ್ತದೆ.

6. ಸಾಂತಾ, ಕುಸ್ವಾರ್, ಕ್ಯಾರಲ್: ಬಿಡಬೇಕೇ?

ಬೇಡ, ಯಾವುದನ್ನೂ ಬಿಡಬೇಡಿ. ಅವುಗಳ ಜಾಗ ಮಾತ್ರ ಬದಲಿಸಿ.

ಸಾಂತಾ ಕ್ಲಾಸ್‌ನ ಮೂಲದಲ್ಲಿರುವವರು ಇಂದಿನ ಟರ್ಕಿಯಲ್ಲಿದ್ದ ಮೈರಾ ಎಂಬ ಊರಿನ ಧರ್ಮಾಧ್ಯಕ್ಷ (ಬಿಷಪ್) ಸಂತ ನಿಕೋಲಾಸ್. ಅವರ ಹಬ್ಬ ಡಿಸೆಂಬರ್ 6ರಂದು. ಗುಟ್ಟಾಗಿ ದಾನ ಮಾಡುತ್ತಿದ್ದರೆಂಬ ಕಥೆಗಳಿಂದ ಅವರ ಹೆಸರು ಉಳಿಯಿತು. ಆ ದಿನ ಮಕ್ಕಳಿಗೆ ಅವರ ಕಥೆ ಹೇಳಿ, ಎರಡನೆಯ ಹಂತದ ಲಕೋಟೆಯನ್ನು ಅಂದೇ ತಲುಪಿಸಿ. ‘ಸಾಂತಾ ಸುಳ್ಳು’ ಎಂದು ಗುಡುಗುವುದಕ್ಕಿಂತ ಇದು ಲೇಸು.

ಕುಸ್ವಾರ್ ಎಂದರೆ ಕರಾವಳಿಯ ಕ್ರೈಸ್ತರ ಮನೆಗಳಲ್ಲಿ ಹಬ್ಬಕ್ಕೆ ಮಾಡುವ ತಿಂಡಿಗಳ ಒಟ್ಟು ಹೆಸರು: ಕಲ್‌ಕಲ್, ನೆವ್ರಿ, ರೋಸ್ ಕುಕ್ಕಿ, ಚಕ್ಕುಲಿ, ಲಾಡು ಇತ್ಯಾದಿ. ಡಬ್ಬಿಗಟ್ಟಲೆ ಕೊಂಡು ತರುವ ಬದಲು ಒಂದೆರಡನ್ನಾದರೂ ಮನೆಯಲ್ಲೇ ಮಾಡಿ. ಕಲ್‌ಕಲ್ ಹಿಟ್ಟನ್ನು ಮುಳ್ಳುಚಮಚೆಯ ಬೆನ್ನಿಗೆ ಒತ್ತಿ ಸುರುಳಿ ಮಾಡುತ್ತ ಕುಳಿತಾಗ ಎಲ್ಲರ ಕೈಗೂ ಎಣ್ಣೆ ಹತ್ತಿ ಮೊಬೈಲ್ ದೂರವಾಗುತ್ತದೆ, ಹಳೆಯ ಮಾತುಗಳು ಹೊರಬರುತ್ತವೆ. ಡಬ್ಬಿಯನ್ನು 24ರ ರಾತ್ರಿಯವರೆಗೆ ಮುಚ್ಚಿಡಿ. ಕಷ್ಟ, ಗೊತ್ತು.

ಚರ್ಚಿನ ತಂಡಗಳು ಮನೆಮನೆಗೆ ಹೋಗಿ ಕ್ರಿಸ್ತಜನನದ ಹಾಡು ಹಾಡುವುದು ಕ್ಯಾರಲ್. ನೀವು ತಂಡದಲ್ಲಿದ್ದರೆ ಮೂರು ವಿಷಯ ನೋಡಿಕೊಳ್ಳಿ. ಪ್ರತಿ ಮನೆಯಲ್ಲೂ ಒಂದು ಚಿಕ್ಕ ವಾಚನ ಮತ್ತು ಆ ಮನೆಯವರ ಹೆಸರು ಹೇಳಿ ಒಂದು ಪ್ರಾರ್ಥನೆ ಇರಲಿ. ಕಾಣಿಕೆ ಡಬ್ಬಿ ಹಾಡಿಗಿಂತ ಮೊದಲು ಬಾಗಿಲು ದಾಟದಿರಲಿ. ರಾತ್ರಿ 10ರ ಮೇಲೆ ಧ್ವನಿವರ್ಧಕ ಬೇಡ, ಕಾನೂನಿನ ನಿರ್ಬಂಧವಿದೆ, ಅದಕ್ಕಿಂತ ಹೆಚ್ಚಾಗಿ ಪಕ್ಕದ ಮನೆಯ ಕೂಸು ಮಲಗಿರುತ್ತದೆ.

7. ಕೊನೆಯ ಒಂಬತ್ತು ದಿನ

ಡಿಸೆಂಬರ್ 16ರಿಂದ 24ರವರೆಗೆ ಹಲವು ಕಥೋಲಿಕ ಚರ್ಚುಗಳಲ್ಲಿ ನೊವೇನ, ಅಂದರೆ ಒಂಬತ್ತು ದಿನಗಳ ಪ್ರಾರ್ಥನೆ ಇರುತ್ತದೆ. ಕೆಲಸದ ನಡುವೆ ಒಂಬತ್ತೂ ದಿನ ಹೋಗಲಾಗದಿದ್ದರೆ ಎರಡು ದಿನ ಆರಿಸಿಕೊಳ್ಳಿ. ಪಾಪನಿವೇದನೆಯನ್ನು, ಅಂದರೆ ಗುರುಗಳ ಬಳಿ ತಪ್ಪೊಪ್ಪಿಕೊಂಡು ಕ್ಷಮೆ ಪಡೆಯುವ ಸಂಸ್ಕಾರವನ್ನು, 20ರೊಳಗೆ ಮುಗಿಸಿ. 24ರ ಸಂಜೆಯ ಸಾಲಿನಲ್ಲಿ ನಿಮಗೂ ಸಮಾಧಾನವಿಲ್ಲ, ಫಾದರಿಗೂ ಇಲ್ಲ. ಪ್ರೊಟೆಸ್ಟಂಟ್ ಸಭೆಯವರು ಇದೇ ದಿನಗಳಲ್ಲಿ ಮಾತು ಬಿಟ್ಟಿರುವ ಒಬ್ಬ ಸಂಬಂಧಿಕರಿಗೆ ಫೋನ್ ಮಾಡಬಹುದು. ಕಥೋಲಿಕರಿಗೂ ಈ ಕೆಲಸದಿಂದ ವಿನಾಯಿತಿಯೇನಿಲ್ಲ.

8. 24ರ ರಾತ್ರಿ, 25ರ ಹಗಲು

ಪೂಜೆ ಎಷ್ಟು ಗಂಟೆಗೆಂದು ಮೊದಲೇ ವಿಚಾರಿಸಿ. ಮಧ್ಯರಾತ್ರಿಯ ಪೂಜೆ ಎಂಬ ಹೆಸರು ಉಳಿದಿದ್ದರೂ ಎಷ್ಟೋ ಕಡೆ ಅದು ಸಂಜೆಯೇ ನಡೆಯುತ್ತದೆ. ಭಾಷೆಯನ್ನೂ ವಿಚಾರಿಸಿ. ಬೆಂಗಳೂರಿನ ದೊಡ್ಡ ಚರ್ಚುಗಳಲ್ಲಿ ಕನ್ನಡ, ತಮಿಳು, ಇಂಗ್ಲಿಷ್ ಪೂಜೆಗಳಿಗೆ ಬೇರೆ ಬೇರೆ ಸಮಯ.

ಮನೆಗೆ ಮರಳಿದ ಮೇಲೆ ದೊಡ್ಡ ದೀಪ ಆರಿಸಿ, ನಾಲ್ಕೂ ಬತ್ತಿ ಹಚ್ಚಿ. ಓದಲು ಬರುವವರಲ್ಲಿ ಅತಿ ಕಿರಿಯರು ಲೂಕ 2:1-20 ಓದಲಿ. ತಡವರಿಸಿದರೂ ಯಾರೂ ಕಿತ್ತುಕೊಳ್ಳಬಾರದು. ಓದು ಮುಗಿದ ಮೇಲೆ ಹಿರಿಯರು ಮಗುವಿನ ಬೊಂಬೆಯನ್ನು ತೊಟ್ಟಿಯಲ್ಲಿಡಲಿ. ಒಂದು ಹಾಡು, ಆಮೇಲೆ ಕುಸ್ವಾರ್ ಡಬ್ಬಿ. ಒಟ್ಟು ಕಾಲು ಗಂಟೆ. ವಾಟ್ಸ್ಆ್ಯಪ್ ಶುಭಾಶಯಗಳು ಮರುದಿನ ಬೆಳಿಗ್ಗೆಗೆ ಇರಲಿ.

ಆ ವರ್ಷ ಯಾರನ್ನಾದರೂ ಕಳೆದುಕೊಂಡ ಮನೆಯಾದರೆ ಹಬ್ಬವನ್ನೇ ಬಿಡುವವರಿದ್ದಾರೆ. ನಕ್ಷತ್ರ, ಕೇಕು ಬಿಡಿ, ಗೋದಲಿಯ ಮುಂದೆ ಒಂದು ದೀಪ ಮಾತ್ರ ಬಿಡಬೇಡಿ. ಓದಿನ ನಂತರ ಹೋದವರ ಹೆಸರನ್ನು ಗಟ್ಟಿಯಾಗಿ ಹೇಳಿ. ಅಳು ಬಂದರೆ ಬರಲಿ.

ಗಂಡ, ಹೆಂಡತಿ ಅಥವಾ ಅತ್ತೆ-ಮಾವ ಬೇರೆ ಧರ್ಮದವರಾದರೆ? ಕರೆಯಿರಿ, ಒತ್ತಾಯಿಸಬೇಡಿ. ಕಥೆ ಓದುವುದನ್ನು ಯಾರೂ ಕೇಳಬಹುದು. ಮೊಣಕಾಲೂರಿ ಎಂದು ಹೇಳುವುದು ಬೇಡ. ದೀಪಾವಳಿಗೆ ಅವರು ನಿಮ್ಮನ್ನು ಹೇಗೆ ಕೂರಿಸಿಕೊಂಡರೋ ಹಾಗೆ ನೀವೂ ಕೂರಿಸಿಕೊಳ್ಳಿ.

25ರ ಮಧ್ಯಾಹ್ನದ ಬಗ್ಗೆ ಯಾರೂ ಬರೆಯದ ಒಂದು ಮಾತು: ನಮ್ಮ ಹಲವು ಮನೆಗಳ ಕ್ರಿಸ್‌ಮಸ್ ಹಾಳಾಗುವುದು ಗ್ಲಾಸುಗಳಿಂದ. ಊಟಕ್ಕೆ ಮೊದಲೇ ಕುಡಿಯಲು ಕುಳಿತ ಗಂಡಸರು ಸಂಜೆಗೆ ಜಗಳ ತೆಗೆಯುತ್ತಾರೆ, ಇಡೀ ದಿನ ಅಡುಗೆಮನೆಯಲ್ಲೇ ನಿಂತ ಹೆಂಗಸರು ಅದನ್ನೂ ಸಹಿಸುತ್ತಾರೆ. ಎಷ್ಟು, ಯಾವಾಗ ಎಂಬುದನ್ನು ಮುಂಚಿತವಾಗಿ ಮನೆಯಲ್ಲಿ ತೀರ್ಮಾನಿಸಿ. ಪಾತ್ರೆ ತೊಳೆಯುವ ಸರದಿಯನ್ನೂ ಆಗಲೇ ಬರೆದಿಡಿ.

9. 26ರಂದು ನಕ್ಷತ್ರ ಬಿಚ್ಚಬೇಡಿ

ಈಗ ಹಬ್ಬದ ಕಾಲ ಶುರುವಾಗಿದೆ. ಊಟ, ಭೇಟಿ, ಸ್ನೇಹಿತರ ಕೂಟ ಎಲ್ಲವನ್ನೂ ಈ ದಿನಗಳಿಗೆ ತಳ್ಳಿ. ಡಿಸೆಂಬರ್ ತಿಂಗಳೂ ಹಗುರವಾಗುತ್ತದೆ. 26 ಮೊದಲ ರಕ್ತಸಾಕ್ಷಿ ಸ್ತೆಫನನ ದಿನ, 28 ರಾಜ ಹೆರೋದ ಕೊಲ್ಲಿಸಿದ ಬೆತ್ಲೆಹೇಮಿನ ಕಂದಮ್ಮಗಳ ದಿನ. ಅಂದು ಮತ್ತಾಯ 2:13-18 ಓದಿ, ಊರು ಬಿಟ್ಟು ಓಡಬೇಕಾಗಿ ಬಂದ ಇಂದಿನ ಕುಟುಂಬಗಳಿಗಾಗಿ ಪ್ರಾರ್ಥಿಸಿ.

ಅಷ್ಟರಲ್ಲಿ ಫ್ರಿಜ್ಜಿನ ಮೇಲಿನ ಜ್ಞಾನಿಗಳನ್ನು ದಿನಕ್ಕೊಂದು ಗೇಣು ಮುಂದೆ ಸರಿಸುತ್ತಿರಿ. ಹಳೆಯ ಸತ್ಯವೇದದಲ್ಲಿ ಇವರು ‘ಜೋಯಿಸರು’, ನಕ್ಷತ್ರ ನೋಡಿ ಹೊರಟವರಿಗೆ ಒಪ್ಪುವ ಮಾತು. ಎಷ್ಟು ಜನ ಬಂದರೆಂದು ಮತ್ತಾಯ ಹೇಳಿಲ್ಲ. ಕಾಣಿಕೆ ಮೂರಾದ್ದರಿಂದ ನಾವು ಮೂವರೆಂದು ಎಣಿಸಿಕೊಂಡೆವು. ಅವರು ಬಂದದ್ದು ಕೊಟ್ಟಿಗೆಗಲ್ಲ, ಮನೆಗೆ ಎಂದೂ ಅವನು ಬರೆದಿದ್ದಾನೆ. ಎಪಿಫನಿಯ ದಿನ ಅವರು ಗೋದಲಿ ತಲುಪಲಿ. ಮತ್ತಾಯ 2:1-12 ಓದಿ, ನೆರೆಮನೆಯವರನ್ನು ಚಹಾಕ್ಕೆ ಕರೆಯಿರಿ, ಉಳಿದ ಕುಸ್ವಾರ್ ಅಂದು ಖಾಲಿಯಾಗಲಿ.

ಮರುದಿನ ಬೊಂಬೆಗಳನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿ, ಹಳದಿ ತಿರುಗಿದ ರಾಗಿ ಪೈರನ್ನು ದನಕ್ಕೋ ಗಿಡದ ಬುಡಕ್ಕೋ ಹಾಕಿ. ಒಂದು ಚೀಟಿಯಲ್ಲಿ ಈ ಸಲ ಯಾವುದು ನಡೆಯಿತು, ಯಾವುದು ಐದನೆಯ ದಿನಕ್ಕೇ ನಿಂತಿತು ಎಂದು ನಾಲ್ಕು ಸಾಲು ಬರೆದು ಪೆಟ್ಟಿಗೆಯ ಮೇಲ್ಗಡೆಯೇ ಇಡಿ. ಮುಂದಿನ ನವೆಂಬರಿನಲ್ಲಿ ಮುಚ್ಚಳ ತೆಗೆದಾಗ ಮೊದಲು ಕೈಗೆ ಸಿಗುವುದು ಅದೇ.